ಎದೆಯ ಮೇಲಿನ ಗುರುತು

1950ರ ದಶಕದ ಆರಂಭ. ಸ್ವೀಡನ್ನಿನ ಲುಂಡ್ ನಗರದ ಆಸ್ಪತ್ರೆಯಲ್ಲಿ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಅವರನ್ನು ಒಂದೇ ಪ್ರಶ್ನೆ ಕಾಡುತ್ತಿತ್ತು. ರುಮ್ಯಾಟಿಕ್ ಜ್ವರ ಬಂದು ಹೋದವರಲ್ಲಿ ಹೃದಯದ ಮೈಟ್ರಲ್ ಕವಾಟ ಕೆಡುತ್ತದೆ. ಕೆಲವರಲ್ಲಿ ಅದರ ಬಾಯಿ ಕಿರಿದಾಗುತ್ತದೆ, ಕೆಲವರಲ್ಲಿ ಮುಚ್ಚಿಕೊಳ್ಳದೆ ಸೋರುತ್ತದೆ, ಎಷ್ಟೋ ಜನರಲ್ಲಿ ಎರಡೂ ಇರುತ್ತವೆ. ಕಿರಿದಾದ ಕವಾಟಕ್ಕೆ ಆಗ ಒಂದು ಶಸ್ತ್ರಚಿಕಿತ್ಸೆ ಬಂದಿತ್ತು: ಮಿಡಿಯುತ್ತಿರುವ ಹೃದಯದೊಳಕ್ಕೆ ಬೆರಳು ತೂರಿಸಿ, ಅಂಟಿಕೊಂಡ ಅಂಚುಗಳನ್ನು ಬಿಡಿಸುವುದು. ಸೋರುವ ಕವಾಟಕ್ಕೆ ಅದೇ ಬೆರಳು ಹೋದರೆ ರೋಗಿಯ ಗತಿ ಇನ್ನೂ ಕೆಡುತ್ತಿತ್ತು. ಯಾರಲ್ಲಿ ಯಾವುದು ಎಷ್ಟಿದೆ ಎಂಬುದು ಎದೆ ಕೊಯ್ಯುವ ಮೊದಲೇ ತಿಳಿಯಬೇಕಿತ್ತು.

ಪ್ರತಿಧ್ವನಿಯಿಂದ ಹೃದಯವನ್ನು ನೋಡುವ ಎಕೋ ಕೊಠಡಿಯಲ್ಲೇ ನನ್ನ ವೃತ್ತಿಜೀವನ ಕಳೆದಿರುವುದರಿಂದ ಈ ಪ್ರಶ್ನೆ ನನಗೆ ಹಳೆಯದು ಅನ್ನಿಸುವುದೇ ಇಲ್ಲ. ಚೊಚ್ಚಲ ಬಸಿರಿನಲ್ಲಿ ಏದುಸಿರು ಶುರುವಾಗಿ ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಹಿಡಿದು ಬರುವ ಹೆಣ್ಣುಮಕ್ಕಳು ನಮ್ಮಲ್ಲಿ ಈಗಲೂ ಇದ್ದಾರೆ. "ಒಂದು ಕೊಡ ನೀರು ಎತ್ತಿದ್ರೆ ದಮ್ಮು ಕಟ್ತದೆ ಮೇಡಂ" ಅನ್ನುತ್ತಾರೆ. ಎಡಮಗ್ಗುಲಿಗೆ ಮಲಗಿಸಿ ಪ್ರೋಬ್ ಇಟ್ಟರೆ ಬಿಗಿದುಕೊಂಡ ಕವಾಟ ಕಣ್ಣೆದುರೇ ಕಾಣುತ್ತದೆ. ಎಡ್ಲರ್‌ಗೆ ಆ ಭಾಗ್ಯವಿರಲಿಲ್ಲ.

ಅವರಿಗೆ ಜೊತೆಯಾದವರು ಅದೇ ಊರಿನ ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್. ಹತ್ತಿರದ ಮಾಲ್ಮೊದ ಹಡಗುಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಶ್ರವಣಾತೀತ ಧ್ವನಿಯ ಯಂತ್ರವೊಂದಿತ್ತು. ಕಿವಿಗೆ ಕೇಳದ ಧ್ವನಿಯನ್ನು ಒಳಕ್ಕೆ ಕಳಿಸಿ, ತಿರುಗಿ ಬಂದ ಪ್ರತಿಧ್ವನಿಯನ್ನು ಪರದೆಯ ಮೇಲೆ ತೋರಿಸುವ ಯಂತ್ರ. 1953ರಲ್ಲಿ ಹರ್ಟ್ಸ್ ಅಲ್ಲಿಗೆ ಹೋಗಿ ಅದರ ಪ್ರೋಬನ್ನು ತಮ್ಮ ಎದೆಗೇ ಒತ್ತಿ ನೋಡಿದರು. ಹೃದಯದ ಬಡಿತಕ್ಕೆ ಸರಿಯಾಗಿ ಒಂದು ಗೆರೆ ಹಿಂದೆ ಮುಂದೆ ಆಡಿತು. ಅವರ ತಂದೆ, ನೊಬೆಲ್ ಪಡೆದ ಗುಸ್ತಾವ್ ಹರ್ಟ್ಸ್, ಯುದ್ಧಕ್ಕೆ ಮುಂಚೆ ಸೀಮೆನ್ಸ್ ಸಂಶೋಧನಾಲಯದ ಮುಖ್ಯಸ್ಥರಾಗಿದ್ದವರು. ಆ ಪರಿಚಯದ ಬಲದಿಂದ ಸೀಮೆನ್ಸ್ ಒಂದು ಯಂತ್ರವನ್ನು ಲುಂಡ್‌ಗೆ ಎರವಲು ಕೊಟ್ಟಿತು. 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿ ಮೊದಲ ಸಲ ಫಿಲ್ಮಿನ ಮೇಲೆ ದಾಖಲಾಯಿತು.

ನಮ್ಮ ಪಠ್ಯಪುಸ್ತಕಗಳು ಇಲ್ಲಿಂದ ಮುಂದಿನ ಅಧ್ಯಾಯಕ್ಕೆ ಹಾರುತ್ತವೆ. ನನಗೆ ಮುಖ್ಯವಾದ ಕಥೆ ಮಾತ್ರ ಇಲ್ಲಿಂದಲೇ ಶುರು. ಪರದೆಯ ಮೇಲೆ ಗೆರೆ ಆಡಿತು, ಸರಿ. ಅದು ಹೃದಯದ ಯಾವ ಭಾಗದ ಗೆರೆ? ಆಗ ಇದ್ದದ್ದು ಚಿತ್ರವಲ್ಲ, ಏಳುವ ಇಳಿಯುವ ಗೀಟು ಅಷ್ಟೆ. ಎಲ್ಲಕ್ಕಿಂತ ಜೋರಾಗಿ ಆಡುವ ಗೀಟು ಎಡ ಹೃತ್ಕರ್ಣದ ಗೋಡೆಯದ್ದು ಎಂದು ಎಡ್ಲರ್ ಮೊದಲು ಭಾವಿಸಿದ್ದರು. ಊಹೆಯನ್ನು ಅಲ್ಲಿಗೇ ಬಿಡಲಿಲ್ಲ. ಸಾವಿನ ಅಂಚಿನಲ್ಲಿದ್ದ ರೋಗಿಗಳಲ್ಲಿ ಧ್ವನಿ ಒಳಹೊಕ್ಕ ಜಾಗವನ್ನೂ ಅದರ ದಿಕ್ಕನ್ನೂ ಎದೆಯ ಮೇಲೆ ಗುರುತು ಮಾಡಿಟ್ಟರು. ಆ ರೋಗಿಗಳು ತೀರಿಕೊಂಡ ಮೇಲೆ ಅದೇ ಗುರುತಿನಲ್ಲಿ, ಅದೇ ದಿಕ್ಕಿಗೆ, ಐಸು ಒಡೆಯುವ ಚೂಪಾದ ಸಲಾಕೆಯನ್ನು ಇಳಿಸಿ, ಶವಪರೀಕ್ಷೆಯಲ್ಲಿ ಅದು ಯಾವುದನ್ನು ಹಾದುಹೋಗಿದೆ ಎಂದು ನೋಡಿದರು. ಅದು ಹೃತ್ಕರ್ಣದ ಗೋಡೆಯಾಗಿರಲಿಲ್ಲ, ಮೈಟ್ರಲ್ ಕವಾಟದ ಮುಂದಿನ ಎಸಳಾಗಿತ್ತು.

ಅಲ್ಲಿಂದ ಎಲ್ಲ ತಿಳಿಯಾಯಿತು. ಆರೋಗ್ಯವಂತರಲ್ಲಿ ಆ ಎಸಳಿನ ಗೀಟು ತೆರೆದ ಮೇಲೆ ಸರ್ರನೆ ಇಳಿಯುತ್ತದೆ. ಕವಾಟ ಕಿರಿದಾದವರಲ್ಲಿ ರಕ್ತ ನಿಧಾನವಾಗಿ ದಾಟುವುದರಿಂದ ಇಳಿಜಾರು ಮಂದವಾಗುತ್ತದೆ. ಆ ಇಳಿಜಾರನ್ನು ಅಳೆದು ಕವಾಟ ಎಷ್ಟು ಬಿಗಿದಿದೆ ಎಂದು ಅಂದಾಜು ಮಾಡಬಹುದಾಯಿತು. ನಾನು ಎಕೋ ಕಲಿಯುವ ಕಿರಿಯರಿಗೆ ಈ ಸಲಾಕೆಯ ಸಂಗತಿಯನ್ನು ತಪ್ಪದೆ ಹೇಳುತ್ತೇನೆ. ಪರದೆಯ ಮೇಲೆ ನಾವು ಸಲೀಸಾಗಿ "ಇದು ಕವಾಟ" ಎಂದು ಬೆರಳಿಡುತ್ತೇವಲ್ಲ, ಆ ಸಲೀಸಿನ ಹಿಂದೆ ಲುಂಡ್‌ನಲ್ಲಿ ತೀರಿಹೋದ ಆ ಜನರಿದ್ದಾರೆ. ಎಡ್ಲರ್, ಹರ್ಟ್ಸ್ ಇಬ್ಬರಿಗೂ 1977ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು. ಆ ರೋಗಿಗಳ ಹೆಸರು ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಮೆರಿಕದ ಇಂಡಿಯಾನಾದಲ್ಲಿ ಹೃದ್ರೋಗ ವೈದ್ಯ ಹಾರ್ವೆ ಫೈಗೆನ್‌ಬಾಮ್ 1963ರ ಸುಮಾರಿಗೆ, ಮಿದುಳಿನ ಪರೀಕ್ಷೆಗೆಂದು ತಂದಿದ್ದ ಯಂತ್ರವನ್ನು ಹೃದಯಕ್ಕೆ ತಿರುಗಿಸಿದರು. ಹೃದಯದ ಸುತ್ತ ನೀರು ತುಂಬಿಕೊಂಡದ್ದನ್ನು ಅದರಿಂದ ಪತ್ತೆಹಚ್ಚಬಹುದು ಎಂದು 1965ರಲ್ಲಿ ಪ್ರಕಟಿಸಿದ ಮೇಲೆ ಎಕೋ ಕಡೆಗೆ ವೈದ್ಯರ ಗಮನ ಹರಿಯಿತು.

ಹೃದಯವನ್ನು ದುಡಿಸಿ ನೋಡುವ ಪರೀಕ್ಷೆ ಬೇರೆಯೇ ದಾರಿಯಲ್ಲಿ ಬಂದದ್ದು. 1929ರಲ್ಲಿ ವೈದ್ಯ ಆರ್ಥರ್ ಮಾಸ್ಟರ್ ರೋಗಿಗಳನ್ನು ಎರಡು ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ಸಿಯಾಟಲ್‌ನ ರಾಬರ್ಟ್ ಬ್ರೂಸ್ ಅದಕ್ಕೆ ಬದಲಾಗಿ ಟ್ರೆಡ್‌ಮಿಲ್ ತಂದರು. 1963ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಮೊದಲ ಹಂತಕ್ಕೆ ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರು. ಇಂದು ನಮ್ಮ ಊರುಗಳಲ್ಲಿ ಟಿಎಂಟಿ ಎಂದು ಬರೆದುಕೊಡುವುದು ಹೆಚ್ಚಾಗಿ ಇದನ್ನೇ. ಹೊಲ ಉತ್ತು ಬದುಕಿದ ಅಜ್ಜಂದಿರು ಮೊದಲ ಹಂತದಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಕಾಲಡಿಯ ನೆಲ ತಾನೇ ಓಡುವುದು ಅವರಿಗೆ ಹೊಸದು. ಪಕ್ಕದಲ್ಲಿ ನಿಂತು "ಮುಂದೆ ನೋಡ್ಕೊಂಡು ನಡೀರಿ ಯಜಮಾನ್ರೇ" ಅಂದರೆ ಎರಡನೆಯ ಹಂತಕ್ಕೆ ಹದ ಸಿಗುತ್ತದೆ.

ಎರಡೂ ದಾರಿ ಕೂಡಿದ್ದು 1979ರಲ್ಲಿ, ಇಂಡಿಯಾನಾದ ಫೈಗೆನ್‌ಬಾಮ್ ತಂಡವೇ ವ್ಯಾಯಾಮದ ಜೊತೆ ಎಕೋ ಮಾಡಿ ತೋರಿಸಿದಾಗ. ರಕ್ತನಾಳ ಕಟ್ಟಿಕೊಂಡಿದ್ದರೂ ಸುಮ್ಮನೆ ಮಲಗಿದ್ದಾಗ ಹೃದಯದ ಗೋಡೆ ಚೆನ್ನಾಗಿಯೇ ಕುಗ್ಗಬಹುದು. ದುಡಿಸಿದಾಗ ರಕ್ತ ಸಾಲದ ಭಾಗ ಮಾತ್ರ ಸೋಲುತ್ತದೆ. ಆ ಸೋಲು ಬೇಗ ಮರೆಯಾಗುವುದರಿಂದ, ಟ್ರೆಡ್‌ಮಿಲ್ಲಿನಿಂದ ಇಳಿದವರನ್ನು ತಕ್ಷಣ ಎಡಮಗ್ಗುಲಿಗೆ ಮಲಗಿಸಿ ಒಂದು ಒಂದೂವರೆ ನಿಮಿಷದೊಳಗೆ ಚಿತ್ರ ಹಿಡಿಯಬೇಕು. ಮಂಡಿನೋವಿನಿಂದ ನಡೆಯಲಾಗದವರಿಗೆ ಡೊಬ್ಯುಟಮಿನ್ ಔಷಧಿಯನ್ನು ನರಕ್ಕೆ ಹನಿಹನಿಯಾಗಿ ಬಿಟ್ಟು, ಮಂಚದ ಮೇಲೆಯೇ ಹೃದಯವನ್ನು ಓಡಿಸುತ್ತೇವೆ.