ಕ್ಲಸ್ಟರ್ ಸಂಪನ್ಮೂಲ ಕೇಂದ್ರ

ಅನುದಾನ, ತರಬೇತಿ, ವಿದ್ಯಾರ್ಥಿವೇತನಗಳ ಮಾಹಿತಿಯನ್ನು ಶಾಲೆಗಳಿಗೆ ಮುಟ್ಟಿಸುವ ಶಿಕ್ಷಣ ಇಲಾಖೆಯ ತಳಮಟ್ಟದ ಘಟಕ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಂದಿಗೆ ಬೆಳೆದ ಈ ವ್ಯವಸ್ಥೆ 2018ರಿಂದ ಸಮಗ್ರ ಶಿಕ್ಷಣ ಯೋಜನೆಯ ಭಾಗ. ಕರ್ನಾಟಕದಲ್ಲಿ ಆಸುಪಾಸಿನ ಶಾಲೆಗಳ ಗುಂಪಿಗೆ ಒಬ್ಬ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಇರುತ್ತಾರೆ, ಇವರೂ ಶಿಕ್ಷಕರೇ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಸುತ್ತೋಲೆ ಈಗ ಬಹುಪಾಲು ವಾಟ್ಸ್‌ಆ್ಯಪ್ ಮೂಲಕ ಮುಖ್ಯೋಪಾಧ್ಯಾಯರನ್ನು ತಲುಪುತ್ತದೆ. ಎಷ್ಟೋ ಸಲ ಮಾಹಿತಿ ಕೊಡುವುದಕ್ಕಿಂತ ಕೇಳುವ ಸಂದೇಶಗಳೇ ಹೆಚ್ಚು.

ಸಂಯುಕ್ತ ಶಾಲಾ ಅನುದಾನ ದಾಖಲಾತಿಯನ್ನು ಅವಲಂಬಿಸಿದೆ: ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ಗರಿಷ್ಠ 10,000 ರೂಪಾಯಿ, 31ರಿಂದ 100 ಇದ್ದರೆ 25,000, ಸಾವಿರ ದಾಟಿದರೆ 1 ಲಕ್ಷ. ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು. ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಸಣ್ಣಪುಟ್ಟ ರಿಪೇರಿ ಎಲ್ಲವೂ ಇದರಲ್ಲೇ ಆಗಬೇಕಾದ್ದರಿಂದ ಚಿಕ್ಕ ಶಾಲೆಗಳಿಗೆ ಈ ಹಣ ಸಾಲುವುದು ಕಷ್ಟ. ವೆಚ್ಚದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪಾತ್ರವಿದೆ.

ಶಿಕ್ಷಕರ ತರಬೇತಿ ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಹೊಣೆ. ಕ್ಲಸ್ಟರ್‌ನಲ್ಲಿ ಸಮಾಲೋಚನಾ ಸಭೆಗಳು ನಡೆಯುತ್ತವೆ. ಎಂಟನೆಯ ತರಗತಿಯವರಿಗಾಗಿ ಇರುವ ಎನ್.ಎಂ.ಎಂ.ಎಸ್. (ರಾಷ್ಟ್ರೀಯ ಆದಾಯ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನ) ಪರೀಕ್ಷೆಯ ಪ್ರಕಟಣೆಯೂ ಕ್ಲಸ್ಟರ್ ಮೂಲಕವೇ ಬರುತ್ತದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.