ಹೊಟ್ಟೆಗಿಳಿಯುವ ಉಸಿರು



೧೯೭೩ರಲ್ಲಿ ಚೀನಾದ ಚಾಂಗ್‌ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ ಸಮಾಧಿಯೊಂದನ್ನು ಉತ್ಖನನ ಮಾಡಿದಾಗ ರೇಷ್ಮೆಯ ಮೇಲೆ ಬರೆದ ಚಿತ್ರಪಟವೊಂದು ದೊರೆಯಿತು. ಕ್ರಿ.ಪೂ. ೧೬೮ರಲ್ಲಿ ಮುಚ್ಚಿದ ಸಮಾಧಿಯದು. ಪಟದಲ್ಲಿ ಸ್ತ್ರೀಪುರುಷರು ಸೇರಿ ೪೪ ಮಂದಿ ಕೈಚಾಚಿ, ಮೈಬಾಗಿಸಿ ವ್ಯಾಯಾಮದಲ್ಲಿ ತೊಡಗಿದ್ದಾರೆ. ಅಂಗಚಲನೆಯೊಡನೆ ಉಸಿರನ್ನು ಹೊಂದಿಸುವ ಈ ಅಭ್ಯಾಸಕ್ಕೆ ‘ದಾವ್‌ಯಿನ್’ ಎಂದು ಹೆಸರು.

ವಿಶ್ವವನ್ನೂ ದೇಹವನ್ನೂ ‘ಚಿ’ ಎಂಬ ಚೈತನ್ಯ ವ್ಯಾಪಿಸಿದೆ, ಅದನ್ನು ಹೊಕ್ಕುಳ ಕೆಳಗಿನ ‘ದಾನ್‌ತಿಯನ್’ನಲ್ಲಿ ಸಂಚಯಿಸಬಹುದು ಎಂಬುದು ಪ್ರಾಚೀನ ಚೀನೀಯರ ನಂಬಿಕೆ. ಉಸಿರು ಹಿಡಿದು ೧೨೦ ಹೃದಯಬಡಿತಗಳನ್ನು ಎಣಿಸಬೇಕು, ಹೊರಬಿಡುವಾಗ ಮೂಗಿನ ಬಳಿಯಿಟ್ಟ ಗರಿಯೂ ಅಲುಗಬಾರದು ಎಂದು ನಾಲ್ಕನೆಯ ಶತಮಾನದ ಗ ಹೊಂಗ್ ವಿಧಿಸಿದನು.

ಇಂದಿನ ಶರೀರಶಾಸ್ತ್ರ ಏನೆನ್ನುತ್ತದೆ? ಗಾಳಿ ಶ್ವಾಸಕೋಶವನ್ನು ದಾಟಿ ಹೊಟ್ಟೆಗೆ ಇಳಿಯುವುದಿಲ್ಲ. ಆದರೆ ವಪೆ ಸಂಕುಚಿಸಿ ಕೆಳಗೆ ಸರಿದಾಗ ಹೊಟ್ಟೆ ಮುಂದಕ್ಕೆ ಉಬ್ಬುತ್ತದೆ. ಉಸಿರು ಕೆಳಗಿಳಿದಂತೆ ಭಾಸವಾಗುವುದು ಇದರಿಂದಲೇ. ಅನುಭವ ನಿಜ, ವಿವರಣೆ ಬೇರೆ.

ನಿಧಾನದ ಲಾಭಕ್ಕೊಂದು ಲೆಕ್ಕವುಂಟು. ಪ್ರತಿ ಉಸಿರಿನಲ್ಲಿ ಸುಮಾರು ೧೫೦ ಮಿಲಿಲೀಟರ್ ಗಾಳಿ ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥವಾಗುತ್ತದೆ. ನಿಮಿಷಕ್ಕೆ ೬ ಲೀಟರ್ ಗಾಳಿಯನ್ನು ೨೪ ಸಣ್ಣ ಉಸಿರುಗಳಲ್ಲಿ ಎಳೆದರೆ ವಾಯುಕೋಶಗಳಿಗೆ ತಲುಪುವುದು ೨.೪ ಲೀಟರ್, ೧೨ ಉಸಿರುಗಳಲ್ಲಾದರೆ ೪.೨, ಆರೇ ದೀರ್ಘ ಉಸಿರುಗಳಲ್ಲಾದರೆ ೫.೧ ಲೀಟರ್!

ಹಾಗೆಂದು ‘ಚಿ’ ಎಂದರೆ ಆಮ್ಲಜನಕವೇ ಎಂದು ಸಾರುವುದು ಸರಿಯಲ್ಲ. ಆಮ್ಲಜನಕದ ಶೋಧ ನಡೆದದ್ದು ೧೭೭೦ರ ದಶಕದಲ್ಲಿ. ಅಲ್ಲದೆ, ಆರೋಗ್ಯವಂತನ ಶುದ್ಧರಕ್ತದಲ್ಲಿ ಹಿಮೋಗ್ಲೋಬಿನ್ ವಿಶ್ರಾಂತಿಯಲ್ಲೇ ಶೇ. ೯೫ಕ್ಕೂ ಮಿಗಿಲಾಗಿ ಆಮ್ಲಜನಕದಿಂದ ತುಂಬಿರುತ್ತದೆ. ದೀರ್ಘ ಉಸಿರು ಅಲ್ಲಿ ಹೆಚ್ಚೇನನ್ನೂ ಸೇರಿಸಲಾರದು.

ಉಸಿರುಗಟ್ಟಿದಾಗಿನ ತಳಮಳಕ್ಕೂ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡ್‌ನ ಏರಿಕೆ. ಉಸಿರಾಟವನ್ನು ನಿಯಂತ್ರಿಸುವುದು ಈ ಅನಿಲವೆಂದು ೧೯೦೫ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ತೋರಿಸಿಕೊಟ್ಟರು. ಇದು ಕೇವಲ ಪುಸ್ತಕದ ಮಾತಲ್ಲ. ನೀರಿಗೆ ಧುಮುಕುವ ಮುನ್ನ ಬಿರುಸಾಗಿ ಹಲವು ಬಾರಿ ಉಸಿರೆಳೆದುಕೊಂಡರೆ ಆ ಅನಿಲ ಇಳಿದುಹೋಗುತ್ತದೆ; ಉಸಿರಾಡಬೇಕೆಂಬ ಎಚ್ಚರಿಕೆ ಮೂಡುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪಿ ಪ್ರಾಣ ಹೋಗಬಹುದು. ಈಜು ಕಲಿಯುತ್ತಿರುವ ನಿಮ್ಮ ಮಕ್ಕಳಿಗೆ ಇದನ್ನು ಅವಶ್ಯ ತಿಳಿಸಿರಿ.

ಹಿಂದಿನವರು ಎಲ್ಲವನ್ನೂ ಬಲ್ಲವರಾಗಿದ್ದರೆಂಬುದೂ, ಏನನ್ನೂ ಅರಿಯದವರೆಂಬುದೂ ಇತಿಹಾಸಕ್ಕೆ ಬಗೆಯುವ ಅನ್ಯಾಯ. ಅವರ ಅಭ್ಯಾಸವನ್ನು ಅನುಭವದಿಂದ ಅಳೆಯೋಣ, ವಿವರಣೆಯನ್ನು ಪ್ರಯೋಗದಿಂದ ಪರೀಕ್ಷಿಸೋಣ.