ಕಲ್ಲು, ನೀರು ಮತ್ತು ಕೊಪ್ಪಳ ಜಿಲ್ಲೆ

ಕೊಪ್ಪಳದ ಇತಿಹಾಸವೆಂದರೆ ಅಶೋಕನ ಶಾಸನ, 1786ರಲ್ಲಿ ಟಿಪ್ಪು ಸುಲ್ತಾನ್ ವಶಪಡಿಸಿಕೊಂಡ ಕೋಟೆ, ಇಷ್ಟೇ ಎಂದು ತಿಳಿಯಬೇಡಿ. ಗಂಗಾವತಿ ಸಮೀಪದ ಹಿರೇಬೆಣಕಲ್ ಗುಡ್ಡ ಹತ್ತಿ ನೋಡಿ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ಬಂಡೆ ಸೀಳಿ, ಚಪ್ಪಡಿ ನಿಲ್ಲಿಸಿ, ಸತ್ತವರಿಗಾಗಿ ಕಟ್ಟಿದ ನೂರಾರು ಕಲ್ಮನೆಗಳು ಅಲ್ಲಿವೆ. ಹಳ್ಳಿಗರು ಇವನ್ನು ‘ಮೋರೇರ ಮನೆ’ ಎನ್ನುತ್ತಾರೆ. ಗುಡ್ಡದ ಮೇಲೆಯೇ ಒಂದು ಕೆರೆಯಿದೆ; ಆ ನೀರಿಲ್ಲದೆ ಅವರ ಕೆಲಸ ಸಾಗುತ್ತಿರಲಿಲ್ಲವೇನೋ!

ನೀರಿನ ಮಾತು ಇಂದಿಗೂ ಮುಗಿದಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಕುಷ್ಟಗಿ, ಯಲಬುರ್ಗಾದ ಎತ್ತರದ ಹೊಲಗಳಿಗೆ ಆ ನೀರು ಏರಲಿಲ್ಲ. ಅಲ್ಲಿ ಸಜ್ಜೆ, ಜೋಳಕ್ಕೆ ಮಳೆಯೇ ಆಧಾರ. ಮಳೆ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳು ಮನೆಗೆ ಬೀಗ ಹಾಕಿ ಗುಳೆ ಹೊರಡುತ್ತವೆ. ಜೊತೆಗೆ ಹೋದ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ.